ಅಂದುಕೊಳ್ಳದೆ ಬಂದ ಬಸಿರು: ಅಕ್ಕನ ಜೊತೆ ಕೂತು ನೋಡಿದ ಹತ್ತು ಸಿನಿಮಾಗಳು

ಮಗು ತೆಗೆಸುವುದರ ಬಗ್ಗೆ ಮಾಡಿದ ಅನ್‌ಪ್ಲ್ಯಾನ್ಡ್ ಸಿನಿಮಾ ನೋಡಿದ ರಾತ್ರಿ ಅಕ್ಕ ನನಗೆ ಫೋನ್ ಮಾಡಿದಳು. ಅವಳ ಪ್ರಾರ್ಥನಾ ಗುಂಪಿನವರೆಲ್ಲ ಒಟ್ಟಿಗೆ ಕೂತು ನೋಡಿದ್ದರಂತೆ. ಅತ್ತು ಅತ್ತು ಅವಳ ಗಂಟಲು ಕಟ್ಟಿತ್ತು. "ಇಷ್ಟು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಇದ್ದೀಯಲ್ಲ, ಆ ಸ್ಕ್ಯಾನ್‌ನಲ್ಲಿ ತೋರಿಸಿದ್ದು ನಿಜಾನೇನೇ?" ಅಂದಳು.

ನಾನು ಆ ಸಿನಿಮಾ ನೋಡಿರಲಿಲ್ಲ. ನೋಡದೆ ಸುಮ್ನೆ ಒಂದು ಉತ್ತರ ಕೊಡುವುದು ಸರಿ ಅನ್ನಿಸಲಿಲ್ಲ. "ಇನ್ನೊಂದು ಸಲ ನನ್ನ ಜೊತೆ ನೋಡ್ತೀಯಾ?" ಅಂದೆ. ಹಾಗೆ ಶುರುವಾಗಿದ್ದು. ಒಂದು ನೋಡಿದ ಮೇಲೆ ಇನ್ನೊಂದು ಬೇಕು ಅನ್ನಿಸಿತು. ವಾರಕ್ಕೊಂದರಂತೆ ಹತ್ತು ನೋಡಿದೆವು. ಕೆಲವನ್ನು ಅವಳು ಆರಿಸಿದಳು, ಕೆಲವನ್ನು ನಾನು.

ನಮ್ಮಿಬ್ಬರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಇಬ್ಬರಿಗೂ ದೇವರಲ್ಲಿ ನಂಬಿಕೆ ಇದೆ. ಅಕ್ಕನ ಪ್ರಕಾರ ಮಗು ತೆಗೆಸುವುದು ಪಾಪ, ಅದರಲ್ಲಿ ಎರಡನೇ ಮಾತಿಲ್ಲ. ನನಗೆ ಅಷ್ಟು ನೇರವಾಗಿ ಹೇಳೋಕೆ ಬಾಯಿ ಬರುವುದಿಲ್ಲ. ಡಾಕ್ಟರ್ ಪಕ್ಕ ನಿಂತು ಹೊಟ್ಟೆಗೆ ಜೆಲ್ ಹಚ್ಚುವವಳು ನಾನು. ಪರದೆಯನ್ನು ನೋಡುವುದು ಡಾಕ್ಟರ ಕೆಲಸ. ನನಗೆ ಹೆಚ್ಚಾಗಿ ಕಾಣುವುದು ಮಲಗಿರುವವಳ ಮುಖ. ವಾರ್ಡಿನಲ್ಲಿ ಯಾರೂ 'ಗರ್ಭಪಾತ' ಅನ್ನುವ ಮಾತು ಆಡುವುದಿಲ್ಲ. "ತೆಗೆಸಬೇಕು ಸಿಸ್ಟರ್" ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ಹಾಗಾಗಿ ಈ ಸಿನಿಮಾಗಳನ್ನು ನಾನು ಒಂದೇ ಕಣ್ಣಿನಿಂದ ನೋಡಿದೆ. ಆ ಹೆಂಗಸಿನ ಮುಖ ಕಾಣುತ್ತದಾ? ಅವಳ ಪಕ್ಕದಲ್ಲಿ ಯಾರಾದರೂ ಕೂತಿದ್ದಾರಾ?

ಮೊದಲು ಅಕ್ಕ ಕೇಳಿದ ಸಿನಿಮಾ. ಅನ್‌ಪ್ಲ್ಯಾನ್ಡ್ ಬಂದಿದ್ದು 2019ರಲ್ಲಿ. ಅಬ್ಬಿ ಜಾನ್ಸನ್ ಬರೆದ ತಮ್ಮದೇ ಜೀವನದ ಕಥೆ ಇದಕ್ಕೆ ಆಧಾರ. ಅಮೆರಿಕದ ಟೆಕ್ಸಸ್‌ನ ಬ್ರಯಾನ್ ಎಂಬ ಊರಿನಲ್ಲಿ, ಮಗು ತೆಗೆಸುವ ಸೇವೆಯನ್ನೂ ಕೊಡುವ ಪ್ಲ್ಯಾನ್ಡ್ ಪೇರೆಂಟ್‌ಹುಡ್ ಸಂಸ್ಥೆಯ ಕ್ಲಿನಿಕ್ ನಡೆಸುತ್ತಿದ್ದವರು ಅವರು. 2009ರಲ್ಲಿ ಕೆಲಸ ಬಿಟ್ಟು, ಬೇಲಿಯಾಚೆ ನಿಂತು ಪ್ರಾರ್ಥನೆ ಮಾಡುತ್ತಿದ್ದವರ ಕಡೆ ಸೇರಿಕೊಂಡರು. ಸಿನಿಮಾ ಶುರುವಾಗುವುದೇ ಆ ಸ್ಕ್ಯಾನ್ ದೃಶ್ಯದಿಂದ. ಅಂದು ಕೈ ಸಾಲದೆ ಅಬ್ಬಿಯನ್ನು ಒಳಗೆ ಕರೆಯುತ್ತಾರೆ. ಪ್ರೋಬ್ ಹಿಡಿದು ನಿಂತ ಅವಳು ಪರದೆ ನೋಡುತ್ತಾಳೆ. 13 ವಾರದ ಭ್ರೂಣ ಹೀರಿ ತೆಗೆಯುವ ಕೊಳವೆಯಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತದೆ. ಆಮೇಲೆ ಪರದೆ ಖಾಲಿ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸಿನಿಮಾ ನಿಲ್ಲಿಸಿದೆ. ಗೊತ್ತಿದ್ದಷ್ಟು ಹೇಳಿದೆ. 13 ವಾರಕ್ಕೆ ಅದು ಸುಮಾರು 7 ಸೆಂಟಿಮೀಟರ್ ಇರುತ್ತದೆ. ಕೈಕಾಲು ಕಾಣುತ್ತದೆ. ಅಲುಗಾಡುತ್ತದೆ, ಅದೂ ನಿಜ. ಸ್ಕ್ಯಾನ್ ಮಾಡುವಾಗ ನಾನೇ ನೂರಾರು ಸಲ ನೋಡಿದ್ದೇನೆ. ಆದರೆ ನೋವು ತಿಳಿದು, ಹೆದರಿ, ತಪ್ಪಿಸಿಕೊಳ್ಳುವ ಹಾಗೆ ತೋರಿಸಿದ್ದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ನೋವು ಗೊತ್ತಾಗಬೇಕಾದರೆ ಮೆದುಳಿನಲ್ಲಿ ಆಗಬೇಕಾದ ಜೋಡಣೆ 24 ವಾರಕ್ಕೆ ಮುಂಚೆ ಆಗಿರುವುದಿಲ್ಲ ಅಂತ ಬ್ರಿಟನ್ನಿನ ಹೆರಿಗೆ ತಜ್ಞರ ರಾಯಲ್ ಕಾಲೇಜು 2010ರ ವರದಿಯಲ್ಲಿ ಹೇಳಿದೆ. ಅಂಥ ಘಟನೆ ಆ ದಿನ ಆ ಕ್ಲಿನಿಕ್‌ನಲ್ಲಿ ನಡೆದಿತ್ತಾ ಅನ್ನುವ ಪ್ರಶ್ನೆಯೂ ಪತ್ರಿಕೆಗಳಲ್ಲಿ ಆಗಲೇ ಎದ್ದಿತ್ತು. ಅಬ್ಬಿ ಮಾತ್ರ ತಾನು ಕಂಡಿದ್ದು ಸತ್ಯ ಅಂತಲೇ ಹೇಳುತ್ತಾ ಬಂದಿದ್ದಾರೆ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೋವಾಗದೆ ಇದ್ರೆ ಪರವಾಗಿಲ್ವಾ ಹಾಗಾದ್ರೆ?" ಅಂದಳು. ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ನರ್ಸ್ ಆಗಿ ನನ್ನ ಹತ್ತಿರ ಉತ್ತರ ಇಲ್ಲ ಅಂತ ಒಪ್ಪಿಕೊಂಡೆ. ಅವಳ ನಂಬಿಕೆ ನಿಂತಿರುವುದು ಆ ಕಂಪ್ಯೂಟರ್ ಚಿತ್ರದ ಮೇಲಲ್ಲ. ಅದಿಲ್ಲದೆಯೂ ನಿಲ್ಲುತ್ತದೆ. ಹಾಗಿದ್ದ ಮೇಲೆ ಸಿನಿಮಾದವರು ಅದನ್ನು ಯಾಕೆ ಮಾಡಿದರು ಅನ್ನುವುದೇ ನನ್ನ ಬೇಸರ.

ಈ ಸಿನಿಮಾದಲ್ಲಿ ಒಳ್ಳೆಯದೂ ಇದೆ. ಆಶ್ಲಿ ಬ್ರಾಚರ್ ಅಬ್ಬಿಯ ಪಾತ್ರವನ್ನು ಮನಸ್ಸಿಟ್ಟು ಮಾಡಿದ್ದಾರೆ. ಕ್ಲಿನಿಕ್‌ನಲ್ಲಿ ಕೆಲಸ ಮಾಡುವ ಸಾಮಾನ್ಯ ಹೆಂಗಸರನ್ನು ರಾಕ್ಷಸಿಯರ ಹಾಗೆ ತೋರಿಸಿಲ್ಲ. ಬೇಲಿಯಾಚೆ ಕಿರುಚುವವರು ಬೇರೆ, ತಲೆ ಬಗ್ಗಿಸಿ ಪ್ರಾರ್ಥಿಸುವವರು ಬೇರೆ ಅನ್ನುವುದನ್ನೂ ತೋರಿಸಿದ್ದಾರೆ. ಗಂಡ ಇವಳ ಕೆಲಸವನ್ನು ಒಪ್ಪದೆ ಇದ್ದರೂ ಇವಳ ಕೈ ಬಿಡುವುದಿಲ್ಲ. ಆ ಭಾಗ ನನಗೆ ಇಷ್ಟವಾಯಿತು. ಆದರೆ ಮಾತ್ರೆ ತೆಗೆದುಕೊಂಡು ಬಾತ್‌ರೂಮಿನಲ್ಲಿ ರಕ್ತದ ಮಧ್ಯೆ ಬೀಳುವ ದೃಶ್ಯ ಇದೆಯಲ್ಲ, ಅಂಥದ್ದು ಆಗುವುದೇ ಇಲ್ಲ ಅನ್ನಲಾರೆ. ತುಂಬಾ ಕಷ್ಟಪಟ್ಟವರನ್ನು ನಾನೂ ನೋಡಿದ್ದೇನೆ. ಎಲ್ಲರಿಗೂ ಹಾಗೇ ಆಗುತ್ತದೆ ಅನ್ನುವ ಹಾಗೆ ತೋರಿಸಿದ್ದು ತಪ್ಪು. ಇದನ್ನು ನೋಡಿ ಹೆದರಿದವಳು ಆಸ್ಪತ್ರೆಗೆ ಬರುವುದಿಲ್ಲ, ಮುಚ್ಚಿಡುತ್ತಾಳೆ. ಮುಚ್ಚಿಟ್ಟವಳೇ ಕೊನೆಗೆ ಜ್ವರ ಏರಿಸಿಕೊಂಡು ನಡುರಾತ್ರಿ ಬರುವವಳು.

ಅಮೆರಿಕದಲ್ಲಿ ಇದಕ್ಕೆ ಆರ್ ಸರ್ಟಿಫಿಕೇಟ್ ಕೊಟ್ಟರು. ಅಂದರೆ 17 ವರ್ಷಕ್ಕಿಂತ ಚಿಕ್ಕವರು ದೊಡ್ಡವರ ಜೊತೆ ಬಂದರೆ ಮಾತ್ರ ಪ್ರವೇಶ. ಆದರೂ ಸುಮಾರು 60 ಲಕ್ಷ ಡಾಲರ್‌ನಲ್ಲಿ ಮಾಡಿದ ಸಿನಿಮಾ ಅಲ್ಲೇ ಸುಮಾರು 1.9 ಕೋಟಿ ಡಾಲರ್ ಗಳಿಸಿತು. ಚರ್ಚುಗಳಿಂದ ಗುಂಪು ಗುಂಪಾಗಿ ಜನ ಹೋದರು. ಯಾಕೆ ಹೋದರು ಅಂತ ಅಕ್ಕನನ್ನು ನೋಡಿದರೆ ನನಗೆ ಅರ್ಥವಾಗುತ್ತದೆ. ಅವರ ಮನಸ್ಸಿನ ಸಂಕಟವನ್ನು ಬೇರೆ ಸಿನಿಮಾಗಳು ತೋರಿಸುವುದೇ ಕಡಿಮೆ.

ಮುಂದಿನ ಎರಡು ಅಕ್ಕನ ಆಯ್ಕೆ. ಬೆಲ್ಲಾ 2006ರದ್ದು. ಅದೇ ವರ್ಷ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರು ಓಟು ಹಾಕಿ ಕೊಡುವ ಪ್ರಶಸ್ತಿ ಪಡೆಯಿತು. ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ನೀನಾ ಕೆಲಸಕ್ಕೆ ತಡವಾಗಿ ಬರುತ್ತಾಳೆ. ಮಾಲೀಕ ಕೆಲಸದಿಂದ ತೆಗೆಯುತ್ತಾನೆ. ಅಡುಗೆ ಮಾಡುವ ಹೋಸೆ, ಮಾಲೀಕನ ತಮ್ಮನೇ ಅವನು, ಏಪ್ರನ್ ಬಿಚ್ಚದೆ ಅವಳ ಹಿಂದೆ ಬೀದಿಗೆ ಬರುತ್ತಾನೆ. ಅವಳು ಬಸಿರಿ. ತೆಗೆಸಬೇಕು ಅಂತ ಅಂದುಕೊಂಡಿದ್ದಾಳೆ. ಆ ಇಡೀ ದಿನ ಅವನು ಅವಳ ಜೊತೆ ಇರುತ್ತಾನೆ. ಅಷ್ಟೇ ಸಿನಿಮಾ. ಭಾಷಣ ಇಲ್ಲ. ಸ್ಕ್ಯಾನ್ ಇಲ್ಲ. ಬೇಡ ಅಂತ ಅವಳ ಕೈ ಹಿಡಿದು ಎಳೆಯುವುದಿಲ್ಲ. ಅವನ ಎದೆಯಲ್ಲೂ ಒಂದು ಮಗುವಿನ ಸಾವಿನ ಭಾರ ಇದೆ, ಅದನ್ನು ಅವಳ ಮುಂದೆ ಇಳಿಸುತ್ತಾನೆ. ಸಿನಿಮಾ ಯಾವ ಕಡೆ ಇದೆ ಅನ್ನುವುದು ಸ್ಪಷ್ಟ. ಆದರೂ ನನಗೆ ಒಪ್ಪಿಗೆಯಾಯಿತು, ಯಾಕೆಂದರೆ ಆ ಮನುಷ್ಯ ಬಾಯಿಮಾತಿನಲ್ಲಿ ಬಿಡಲಿಲ್ಲ. ಹುಟ್ಟಿದ ಹುಡುಗಿಯನ್ನು ತಾನೇ ಸಾಕಿದ. ಕೊನೆಯ ಸಮುದ್ರದ ದಂಡೆಯ ದೃಶ್ಯ ಸ್ವಲ್ಪ ಜಾಸ್ತಿ ಸಿಹಿ. ಅಕ್ಕನಿಗೆ ಅದೇ ಇಷ್ಟ.

ಅಕ್ಟೋಬರ್ ಬೇಬಿ 2011ರದ್ದು. ತೆಗೆಸಲು ಹೋಗಿ ಆಗದೆ ಹುಟ್ಟಿದ ಹುಡುಗಿ, ಹತ್ತೊಂಬತ್ತರ ವಯಸ್ಸಿನಲ್ಲಿ ಹೆತ್ತವಳನ್ನು ಹುಡುಕಿಕೊಂಡು ಹೋಗುವ ಕಥೆ. ಸಂಗೀತ ಎಲ್ಲಿ ಏರುತ್ತದೆ, ಯಾವಾಗ ಅಳಬೇಕು ಅನ್ನುವುದನ್ನೆಲ್ಲ ಮೊದಲೇ ಹೇಳಿಬಿಡುತ್ತದೆ. ಇಡೀ ಸಿನಿಮಾದಲ್ಲಿ ನನ್ನನ್ನು ತಟ್ಟಿದ್ದು ಸಿನಿಮಾ ಮುಗಿದ ಮೇಲೆ. ಹೆತ್ತ ತಾಯಿಯ ಪಾತ್ರ ಮಾಡಿದ ಶಾರಿ ರಿಗ್ಬಿ, ಕೊನೆಯಲ್ಲಿ ಹೆಸರುಗಳು ಬರುವಾಗ ಕ್ಯಾಮೆರಾ ಮುಂದೆ ಕೂತು ತಾನೂ ಹಿಂದೊಮ್ಮೆ ತೆಗೆಸಿಕೊಂಡಿದ್ದೆ ಅನ್ನುತ್ತಾರೆ. "ನಿನ್ನನ್ನು ಕ್ಷಮಿಸಿದ್ದೇನೆ" ಅಂತ ಮಗಳು ಬರೆದಿಟ್ಟ ಚೀಟಿಯ ದೃಶ್ಯ ಅವರಿಗೆ ಬರೀ ನಟನೆ ಆಗಿರಲಿಲ್ಲ. ಆ ಎರಡು ನಿಮಿಷದಲ್ಲಿ ಇರುವ ಮುಖವನ್ನು ಇಡೀ ಸಿನಿಮಾದಲ್ಲಿ ಇಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನನ್ನ ಸರದಿ ಬಂದಾಗ ಜೂನೋ ಹಾಕಿದೆ. 2007ರದ್ದು, ಚಿತ್ರಕಥೆಗೆ ಆಸ್ಕರ್ ಬಂದ ಸಿನಿಮಾ. ಹದಿನಾರರ ಹುಡುಗಿ ಬಸಿರಿ. ಕ್ಲಿನಿಕ್‌ಗೆ ಹೋಗುತ್ತಾಳೆ. ಹೊರಗೆ ಒಬ್ಬಳೇ ಬೋರ್ಡ್ ಹಿಡಿದು ನಿಂತ ಸಹಪಾಠಿ, ಮಗುವಿಗೆ ಆಗಲೇ ಉಗುರು ಬಂದಿರುತ್ತದೆ ಅನ್ನುತ್ತಾಳೆ. ಒಳಗೆ ಕೂತರೆ ಎಲ್ಲರ ಉಗುರಿನ ಸದ್ದೇ ಕಿವಿಗೆ ಬೀಳುತ್ತದೆ. ಎದ್ದು ಬಂದುಬಿಡುತ್ತಾಳೆ. ಮಗುವನ್ನು ಹೆತ್ತು ದತ್ತು ಕೊಡುತ್ತಾಳೆ. ಅಕ್ಕನಿಗೆ ಕಥೆ ಇಷ್ಟವಾಯಿತು, ಹುಡುಗಿಯ ಮಾತಿನ ಧಾಟಿ ಹಿಡಿಸಲಿಲ್ಲ.

ನಾನು ಹೇಳಬೇಕಾದ್ದು ಒಂದೇ ಒಂದು ದೃಶ್ಯದ ಬಗ್ಗೆ. ಸ್ಕ್ಯಾನ್ ರೂಮ್. ಜೂನೋ ಮಲಗಿದ್ದಾಳೆ, ಪಕ್ಕದಲ್ಲಿ ಮಲತಾಯಿ ಮತ್ತು ಗೆಳತಿ. ಮಗುವನ್ನು ದತ್ತು ಕೊಡುತ್ತಾರೆ ಅಂತ ಗೊತ್ತಾದ ಕೂಡಲೇ ಸ್ಕ್ಯಾನ್ ಮಾಡುವವಳು, ಸದ್ಯ ಒಳ್ಳೆಯದಾಯಿತು ಅನ್ನುತ್ತಾಳೆ. ಇಂಥ ಎಳೆಯ ತಾಯಂದಿರನ್ನು ದಿನಾ ನೋಡುತ್ತೇನೆ, ಮಗು ಬೆಳೆಯುವ ವಾತಾವರಣ ಅಲ್ಲ ಅದು ಅನ್ನುತ್ತಾಳೆ. ಮಲತಾಯಿ ಎದ್ದು ನಿಂತು ಅವಳಿಗೆ ಸರಿಯಾಗಿ ಬಿಸಿ ಮುಟ್ಟಿಸುತ್ತಾಳೆ. ನಿನ್ನ ಕೆಲಸ ಏನು? ಸ್ಕ್ಯಾನ್ ಮಾಡುವುದು. ನನ್ನ ಕೆಲಸ ಉಗುರಿಗೆ ಬಣ್ಣ ಹಚ್ಚುವುದು. ಇಬ್ಬರೂ ಗೊತ್ತಿದ್ದಷ್ಟೇ ಮಾಡೋಣ. ಹೆಚ್ಚುಕಡಿಮೆ ಹೀಗೆ.

ಅಕ್ಕ ಚಪ್ಪಾಳೆ ಹೊಡೆದಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿ ಬಂದಿದ್ದಳು. ಹತ್ತೊಂಬತ್ತು ವರ್ಷ ಇರಬಹುದು. ಒಬ್ಬಳೇ ಬಂದಿದ್ದಳು. ಸ್ಕ್ಯಾನ್ ಮುಗಿದ ಮೇಲೆ ಅಳೋಕೆ ಶುರು ಮಾಡಿದಳು. "ಈಗ ಅತ್ತು ಏನು ಪ್ರಯೋಜನ? ಆಗ ಗೊತ್ತಾಗಲಿಲ್ವಾ?" ಅಂದುಬಿಟ್ಟೆ. ಅವಳ ಅಳು ತಟ್ಟನೆ ನಿಂತಿತು. ಹೊಟ್ಟೆಯ ಮೇಲಿನ ಜೆಲ್ ತಾನೇ ಒರೆಸಿಕೊಂಡಳು. ಆ ಟಿಶ್ಯೂವನ್ನು ಮಡಚಿ, ಮತ್ತೆ ಮಡಚಿ, ಇಷ್ಟೇ ಇಷ್ಟು ಮಾಡಿದಳು. ಎಲ್ಲಿ ಹಾಕಬೇಕು ಅಂತ ಕೇಳಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಹೊರಗೆ ಹೋದಳು. ಕಸದ ಡಬ್ಬಿ ನನ್ನ ಕಾಲ ಹತ್ತಿರವೇ ಇತ್ತು. ಅವಳ ಪಕ್ಕ ಎದ್ದು ನಿಲ್ಲುವ ಮಲತಾಯಿ ಇರಲಿಲ್ಲ. ಇದನ್ನು ಅಕ್ಕನಿಗೆ ನಾನು ಮೊದಲ ಸಲ ಹೇಳಿದ್ದು ಅವತ್ತೇ.

ಆ ಮೇಲಿನ ವಾರ ನೋಡಿದ್ದು ನೆವರ್ ರೇರ್ಲಿ ಸಮ್‌ಟೈಮ್ಸ್ ಆಲ್ವೇಸ್. ಎಲೈಜಾ ಹಿಟ್‌ಮನ್ ನಿರ್ದೇಶನ, 2020. ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಸಿಕ್ಕಿತು. ಹತ್ತರಲ್ಲಿ ಒಂದನ್ನು ಮಾತ್ರ ನೋಡಿ ಅಂದರೆ ಇದನ್ನೇ ಹೇಳುತ್ತೇನೆ. ಪೆನ್ಸಿಲ್ವೇನಿಯಾದ ಸಣ್ಣ ಊರಿನ ಹದಿನೇಳರ ಹುಡುಗಿ ಆಟಮ್. ಅಲ್ಲಿ 18 ತುಂಬದವರಿಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಅವಳು ಮನೆಯಲ್ಲಿ ಹೇಳುವ ಸ್ಥಿತಿಯಲ್ಲಿಲ್ಲ. ಚಿಕ್ಕಮ್ಮನ ಮಗಳೋ ದೊಡ್ಡಮ್ಮನ ಮಗಳೋ ಸ್ಕೈಲರ್, ಸೂಪರ್‌ಮಾರ್ಕೆಟ್‌ನಲ್ಲಿ ಇವಳ ಜೊತೆಗೇ ಕೆಲಸ ಮಾಡುವವಳು, ಇವಳನ್ನು ಕರೆದುಕೊಂಡು ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೊರಡುತ್ತಾಳೆ. ಇಬ್ಬರೂ ಒಂದು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹತ್ತುತ್ತಾರೆ, ಇಳಿಯುತ್ತಾರೆ. ಆ ಸೂಟ್‌ಕೇಸ್ ನೋಡಿಯೇ ನನಗೆ ಸುಸ್ತಾಯಿತು.

ಊರಿನಲ್ಲಿ ಮೊದಲು ಹೋದ ಕೇಂದ್ರದಲ್ಲಿ ಹತ್ತು ವಾರ ಅಂದಿರುತ್ತಾರೆ. ಅಂಗಡಿಯಲ್ಲಿ ಸಿಗುವ ಅದೇ ಟೆಸ್ಟ್ ಕೊಟ್ಟು, ಎದೆಬಡಿತ ಕೇಳಿಸಿ, ತೆಗೆಸಬಾರದು ಅನ್ನುವ ವೀಡಿಯೊ ತೋರಿಸಿ ಕಳಿಸಿರುತ್ತಾರೆ. ಅಲ್ಲಿಯ ಹೆಂಗಸು ಕೆಟ್ಟವಳಲ್ಲ, ಮೆತ್ತಗೆ ಮಾತಾಡುತ್ತಾಳೆ. ನ್ಯೂಯಾರ್ಕಿಗೆ ಬಂದು ನೋಡಿದರೆ ಹದಿನೆಂಟು ವಾರ. ಒಂದು ದಿನದ ಕೆಲಸ ಎರಡು ದಿನದ್ದಾಗುತ್ತದೆ. ದುಡ್ಡಿಲ್ಲ, ರಾತ್ರಿ ಮಲಗೋಕೆ ಜಾಗ ಇಲ್ಲ. ಎಂಟು ವಾರದ ವ್ಯತ್ಯಾಸ ಅಂದರೆ ಸಣ್ಣದಲ್ಲ. ಯಾವ ಕಡೆಯವರೇ ಆಗಲಿ, ವಾರದ ಲೆಕ್ಕದಲ್ಲಿ ಸುಳ್ಳು ಹೇಳಬಾರದು. ಇದನ್ನು ನಾನು ಅಕ್ಕನ ಮುಂದೆ ಗಟ್ಟಿಯಾಗಿಯೇ ಹೇಳಿದೆ. ಅವಳೂ ಒಪ್ಪಿದಳು.

ಕ್ಲಿನಿಕ್‌ನ ಕೌನ್ಸೆಲರ್ ಪ್ರಶ್ನೆ ಕೇಳುವ ದೃಶ್ಯ ಇದೆ. ಯಾವತ್ತೂ ಇಲ್ಲ, ಅಪರೂಪಕ್ಕೆ, ಒಮ್ಮೊಮ್ಮೆ, ಯಾವಾಗಲೂ. ನಾಲ್ಕರಲ್ಲಿ ಒಂದು ಉತ್ತರ ಹೇಳಬೇಕು. ನಿನ್ನ ಜೊತೆ ಇದ್ದವನು ನಿನ್ನನ್ನು ಹೊಡೆದಿದ್ದಾನಾ? ನಿನಗೆ ಇಷ್ಟವಿಲ್ಲದಾಗ ಬಲವಂತ ಮಾಡಿದ್ದಾನಾ? ಕ್ಯಾಮೆರಾ ಆಟಮ್‌ಳ ಮುಖ ಬಿಟ್ಟು ಕದಲುವುದಿಲ್ಲ. ಅವಳು ಉತ್ತರ ಕೊಡುವುದಿಲ್ಲ. ತುಟಿ ಬಿಗಿಯುತ್ತಾಳೆ, ಆಚೆ ನೋಡುತ್ತಾಳೆ, ಕಣ್ಣು ತುಂಬುತ್ತದೆ. ಕೌನ್ಸೆಲರ್ ಅವಸರ ಮಾಡುವುದಿಲ್ಲ. ಇದನ್ನು ನಟಿಸಿದ ಸಿಡ್ನಿ ಫ್ಲ್ಯಾನಿಗನ್‌ಗೆ ಇದು ಮೊದಲ ಸಿನಿಮಾ. ಬಸಿರು ಹೇಗೆ ಬಂತು ಅನ್ನುವುದನ್ನು ಸಿನಿಮಾ ಕೊನೆಯವರೆಗೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಇನ್ನೊಂದು ದೃಶ್ಯ. ಊರಿಗೆ ಹೋಗೋಕೆ ದುಡ್ಡಿಲ್ಲ. ಬಸ್ಸಿನಲ್ಲಿ ಪರಿಚಯವಾದ ಹುಡುಗನ ಹತ್ತಿರ ಸ್ಕೈಲರ್ ಸಾಲ ಕೇಳಿದ್ದಾಳೆ. ಅವನು ಅವಳಿಗೆ ಮುತ್ತು ಕೊಡುತ್ತಿದ್ದಾನೆ. ಅವಳಿಗೆ ಮನಸ್ಸಿಲ್ಲ. ಬೆನ್ನು ಒಂದು ಕಂಬಕ್ಕೆ ಒರಗಿದೆ. ಕಂಬದ ಆಚೆ ಬದಿಯಿಂದ ಆಟಮ್ ಕೈ ಚಾಚಿ ಅವಳ ಕಿರುಬೆರಳಿಗೆ ತನ್ನ ಕಿರುಬೆರಳು ಕೊಂಡಿ ಹಾಕುತ್ತಾಳೆ. ಆ ಹುಡುಗನಿಗೆ ಗೊತ್ತೇ ಆಗುವುದಿಲ್ಲ. ಅಕ್ಕ ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಹಾಕಿ ಮತ್ತೆ ನೋಡಿದಳು. ಆ ಹುಡುಗಿ ಮಾಡಿದ ತೀರ್ಮಾನವನ್ನು ಅವಳು ಇವತ್ತಿಗೂ ಒಪ್ಪುವುದಿಲ್ಲ. "ಆದ್ರೆ ಈ ಬೆರಳು ನೋಡು ಕಣೇ" ಅಂದಳು.

ಎರಡು ಸಾಕ್ಷ್ಯಚಿತ್ರಗಳನ್ನೂ ನೋಡಿದೆವು. ಟ್ವೆಲ್ಫ್ತ್ ಅಂಡ್ ಡೆಲವೇರ್ 2010ರದ್ದು. ಫ್ಲಾರಿಡಾದ ಫೋರ್ಟ್ ಪಿಯರ್ಸ್ ಊರಿನಲ್ಲಿ ಒಂದು ರಸ್ತೆ ಕೂಡುವ ಜಾಗ. ಒಂದು ಮೂಲೆಯಲ್ಲಿ ಅಬಾರ್ಷನ್ ಕ್ಲಿನಿಕ್. ಎದುರು ಮೂಲೆಯಲ್ಲಿ ಅದನ್ನು ತಡೆಯುವ ಕೇಂದ್ರ. ಎಷ್ಟೋ ಹೆಂಗಸರು ಕ್ಲಿನಿಕ್ ಅಂದುಕೊಂಡು ಎದುರಿನ ಬಾಗಿಲು ತಟ್ಟುತ್ತಾರೆ. ಕ್ಯಾಮೆರಾ ಎರಡೂ ಕಟ್ಟಡಗಳ ಒಳಗೆ ಹೋಗಿದೆ. ಕ್ಲಿನಿಕ್ ಡಾಕ್ಟರ್ ಗುರುತು ಸಿಗಬಾರದು ಅಂತ ಮೈಮೇಲೆ ಬಟ್ಟೆ ಹೊದ್ದು ಕಾರಿನಲ್ಲಿ ಬರುತ್ತಾರೆ. ಈ ಕಡೆಯ ಕೇಂದ್ರದವರು ಹೆಂಗಸರಿಗಾಗಿ ಮನಸಾರೆ ಪ್ರಾರ್ಥಿಸುತ್ತಾರೆ. ಎರಡನ್ನೂ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ರಸ್ತೆಯ ಮಧ್ಯೆ ನಿಂತಿರುವ ಹುಡುಗಿಗೆ ಮಾತ್ರ ಯಾರ ಬಾಗಿಲು ಯಾರದ್ದು ಅಂತ ಗೊತ್ತಿಲ್ಲ.

ಎಕೆಎ ಜೇನ್ ರೋ ಬಂದಿದ್ದು 2020ರಲ್ಲಿ. ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ಕೊಟ್ಟ ರೋ ತೀರ್ಪಿನ ಹಿಂದೆ ಇದ್ದ ಹೆಂಗಸು ನಾರ್ಮಾ ಮಕಾರ್ವಿ. ಕೋರ್ಟಿನ ಕಾಗದದಲ್ಲಿ ಅವಳ ಹೆಸರು ಜೇನ್ ರೋ. ಅವಳ ಕೇಸಿನಿಂದ ದೇಶದ ಹೆಂಗಸರಿಗೆಲ್ಲ ಮಗು ತೆಗೆಸುವ ಹಕ್ಕು ಸಿಕ್ಕಿತು, ಅವಳಿಗೆ ಸಿಗಲಿಲ್ಲ. ತೀರ್ಪು ಬರುವ ಹೊತ್ತಿಗೆ ಮಗು ಹುಟ್ಟಿ ದತ್ತು ಹೋಗಿ ಎರಡೂವರೆ ವರ್ಷ ಆಗಿತ್ತು. 1995ರಲ್ಲಿ ಅವಳು ದೀಕ್ಷಾಸ್ನಾನ ಪಡೆದು ಎದುರು ಪಾಳಯಕ್ಕೆ ಹೋದಳು. ದೊಡ್ಡ ಸುದ್ದಿಯಾಯಿತು. ಸಾಯುವ ಮುಂಚೆ ಈ ಸಿನಿಮಾದವರ ಕ್ಯಾಮೆರಾ ಮುಂದೆ ಕೂತು, ದುಡ್ಡು ಕೊಟ್ಟರು, ಅವರು ಹೇಳಿಕೊಟ್ಟಿದ್ದನ್ನು ಹೇಳಿದೆ ಅನ್ನುತ್ತಾಳೆ. 2017ರಲ್ಲಿ ತೀರಿಕೊಂಡಳು. 2022ರ ಜೂನ್ 24ರಂದು ಆ ತೀರ್ಪೂ ರದ್ದಾಯಿತು. ಅವಳ ಮಾತಿನಲ್ಲಿ ಯಾವುದು ನಿಜ, ಯಾವ ಹೊತ್ತಿನಲ್ಲಿ ನಿಜ ಅಂತ ನನಗೆ ತೀರ್ಮಾನ ಮಾಡಲು ಆಗಲಿಲ್ಲ. ಅವಳನ್ನು ಆಗ ತಮ್ಮ ಕಡೆ ಸೇರಿಸಿಕೊಂಡವರಲ್ಲಿ ಒಬ್ಬರಾದ ಪಾದ್ರಿ ರಾಬ್ ಶೆಂಕ್ ಆ ವೀಡಿಯೊ ನೋಡುತ್ತಾ, ನಾವು ಅವಳಿಗೆ ಮಾಡಿದ್ದು ತಪ್ಪು ಅಂತ ಒಪ್ಪಿಕೊಳ್ಳುತ್ತಾರೆ. ಮೊದಲಿನ ಕಡೆಯವರೂ ಅವಳನ್ನು ಮನೆಯವಳ ಹಾಗೆ ನೋಡಿಕೊಳ್ಳಲಿಲ್ಲ. ಅಕ್ಕ ಅವತ್ತು ರಾತ್ರಿ ನಾರ್ಮಾಳ ಹೆಸರು ಹೇಳಿ ಪ್ರಾರ್ಥನೆ ಮಾಡಿದಳು.

ವೆರಾ ಡ್ರೇಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೈಕ್ ಲೀ ನಿರ್ದೇಶನ, 2004, ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ. 1950ರ ಲಂಡನ್. ಮನೆಗೆಲಸ ಮಾಡುವ ವೆರಾ, ಬಡ ಹುಡುಗಿಯರಿಗೆ ದುಡ್ಡು ತೆಗೆದುಕೊಳ್ಳದೆ 'ಸಹಾಯ' ಮಾಡುತ್ತಾಳೆ. ಸೋಪಿನ ನೀರು, ಸಿರಿಂಜು. ಶ್ರೀಮಂತರ ಮನೆಯ ಹುಡುಗಿಗೆ ಅದೇ ಕೆಲಸ ದುಡ್ಡು ಕೊಟ್ಟರೆ ಡಾಕ್ಟರ ಹತ್ತಿರ ಆಗುತ್ತದೆ. ಪೊಲೀಸರು ಬಾಗಿಲು ತಟ್ಟಿದಾಗ ಇಮೆಲ್ಡಾ ಸ್ಟಾಂಟನ್ ಮುಖದಲ್ಲಿ ಆಗುವ ಬದಲಾವಣೆಗಾಗಿಯೇ ನೋಡಬೇಕು. ನರ್ಸ್ ಆಗಿ ನನ್ನದೊಂದು ತಕರಾರು ಇದೆ. ಆ ಸಿರಿಂಜಿನ ಕೆಲಸವನ್ನು ಸಿನಿಮಾ ತೀರಾ ಸಲೀಸು ಅನ್ನುವ ಹಾಗೆ ತೋರಿಸುತ್ತದೆ. ಅದು ಪ್ರಾಣ ತೆಗೆಯುವ ವಿಧಾನ. ಸೋಪಿನ ನೀರಾಗಲಿ ಗಾಳಿಯಾಗಲಿ ರಕ್ತಕ್ಕೆ ಸೇರಿದರೆ ನಿಮಿಷಗಳಲ್ಲಿ ಎಲ್ಲಾ ಮುಗಿಯುತ್ತದೆ. ಬ್ರಿಟನ್ನಿನಲ್ಲಿ 1967ರಲ್ಲಿ ಕಾನೂನು ಬದಲಾಯಿತು.

4 ಮಂತ್ಸ್ 3 ವೀಕ್ಸ್ ಅಂಡ್ 2 ಡೇಸ್ ನೋಡುವಾಗ ಅಕ್ಕ ಎರಡು ಸಲ ಎದ್ದು ಹೋದಳು. ಕ್ರಿಸ್ಟಿಯನ್ ಮುಂಜಿಯು ಮಾಡಿದ ರೊಮೇನಿಯಾದ ಸಿನಿಮಾ, 2007ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತಿ ದೊಡ್ಡ ಪ್ರಶಸ್ತಿ ಪಡೆಯಿತು. ಕಥೆ ನಡೆಯುವುದು 1987ರಲ್ಲಿ. ಇಲ್ಲಿ ದೇವರ ಮಾತೇ ಇಲ್ಲ. ಅಲ್ಲಿ ತೆಗೆಸುವುದನ್ನು ನಿಷೇಧಿಸಿದ್ದು ಚರ್ಚಲ್ಲ, ಸರ್ಕಾರ. ಜನಸಂಖ್ಯೆ ಹೆಚ್ಚಬೇಕು ಅಂತ ಆಗಿನ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು 1966ರಲ್ಲಿ ಆದೇಶ ಹೊರಡಿಸಿದ. ಮರುವರ್ಷ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನಿರ್ದೇಶಕ ಹುಟ್ಟಿದ್ದೂ ಆ ಆದೇಶದ ಕಾಲದಲ್ಲೇ, 1968ರಲ್ಲಿ. "ದೇವರನ್ನೇ ನಂಬದವರೂ ನಿಷೇಧ ಮಾಡಿದ್ರಾ?" ಅಂತ ಅಕ್ಕನಿಗೆ ಆಶ್ಚರ್ಯ. ಮಗುವಿನ ಮೇಲಿನ ಪ್ರೀತಿಯಿಂದ ತಡೆಯುವುದು ಬೇರೆ, ಲೆಕ್ಕಕ್ಕೆ ತಲೆ ಬೇಕು ಅಂತ ತಡೆಯುವುದು ಬೇರೆ ಅನ್ನುವ ಮಾತು ಅವಳ ಬಾಯಿಂದಲೇ ಬಂತು.

ಹಾಸ್ಟೆಲಿನ ಇಬ್ಬರು ಹುಡುಗಿಯರು. ಬಸಿರಾದವಳು ಒಬ್ಬಳು, ಓಡಾಡುವವಳು ಇನ್ನೊಬ್ಬಳು, ಒಟಿಲಿಯಾ. ಹೋಟೆಲ್ ರೂಮಿಗೆ ಬರುವ ಗಂಡಸು ಕೇಳುವ ಬೆಲೆ ದುಡ್ಡಿನದ್ದಲ್ಲ. ಅದಾದ ಮೇಲೆ ಒಟಿಲಿಯಾ ಗೆಳೆಯನ ಅಮ್ಮನ ಹುಟ್ಟುಹಬ್ಬದ ಊಟಕ್ಕೆ ಹೋಗಿ ಕೂರಬೇಕಾಗುತ್ತದೆ. ಸುತ್ತ ದೊಡ್ಡವರು ಹರಟುತ್ತಾರೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಎಲ್ಲೋ ಫೋನ್ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ರೂಮಿನಲ್ಲಿ ಒಬ್ಬಳೇ ಮಲಗಿರುವವಳು ಏನಾದಳೋ ಅನ್ನುವ ಭಯ ಅವಳ ಕಣ್ಣಿನಲ್ಲಿ ಮಾತ್ರ ಇದೆ. ಸಿನಿಮಾ ಭ್ರೂಣವನ್ನೂ ಮರೆಮಾಡದೆ ತೋರಿಸುತ್ತದೆ. ತೆಗೆಸುವುದು ದೊಡ್ಡ ವಿಷಯವೇ ಅಲ್ಲ ಅಂತ ಇದನ್ನು ನೋಡಿ ಯಾರೂ ಹೇಳಲಾರರು. ತಡೆದರೆ ನಿಂತುಹೋಗುತ್ತದೆ ಅಂತಲೂ ಹೇಳಲಾರರು. ರಾತ್ರಿ ನೋಡಬೇಡಿ.

ಕೊನೆಗೆ ಲಿಂಗೀ. ಮಹಮತ್ ಸಲೇ ಹರೂನ್ ನಿರ್ದೇಶನ, 2021. ಚಾಡ್ ದೇಶದ ಎನ್‌ಜಮೇನಾ ನಗರ. ಶುರುವಿನಲ್ಲೇ ಒಬ್ಬ ಹೆಂಗಸು ಚಾಕು ಹಿಡಿದು ಹಳೆಯ ಲಾರಿ ಟೈರ್ ಸೀಳುತ್ತಿದ್ದಾಳೆ. ಒಳಗಿನ ಉಕ್ಕಿನ ತಂತಿ ಎಳೆದು ತೆಗೆಯಲು ಇಡೀ ಮೈ ಬಳಸುತ್ತಾಳೆ. ಉಸಿರಿನ ಸದ್ದು ಕೇಳುತ್ತದೆ. ಆ ತಂತಿಯಿಂದ ಒಲೆ ಹೆಣೆದು, ತಲೆಮೇಲೆ ಹೊತ್ತು ಬೀದಿಯಲ್ಲಿ ಮಾರುತ್ತಾಳೆ. ಅವಳು ಅಮಿನಾ. ಮದುವೆಯಾಗದೆ ಮಗಳನ್ನು ಹೆತ್ತು, ಮನೆಯವರಿಂದ ದೂರವಾಗಿ, ಒಬ್ಬಳೇ ಸಾಕಿದವಳು. ಈಗ ಹದಿನೈದರ ಮಗಳು ಮಾರಿಯಾ ಬಸಿರಿ. ಶಾಲೆಯವರು ಹೊರಗೆ ಹಾಕಿದ್ದಾರೆ. ಮಗಳು ತೆಗೆಸಬೇಕು ಅನ್ನುತ್ತಾಳೆ.

ಅಮಿನಾ ಮೊದಲು ಸಿಟ್ಟಿನಿಂದ ಕೂಗಾಡುತ್ತಾಳೆ. ನಮ್ಮ ಧರ್ಮದಲ್ಲಿ ಇದಿಲ್ಲ ಅನ್ನುತ್ತಾಳೆ. ನಮಾಜಿಗೆ ಯಾಕೆ ಬರಲಿಲ್ಲ ಅಂತ ಇಮಾಮ್ ವಿಚಾರಿಸುತ್ತಾರೆ. ಡಾಕ್ಟರ್ ಕೇಳುವ ದುಡ್ಡು ಹತ್ತು ಲಕ್ಷ ಫ್ರಾಂಕ್. ಎಷ್ಟು ಒಲೆ ಮಾರಿದರೆ ಅಷ್ಟಾಗುತ್ತದೆ? ತನ್ನ ಬದುಕನ್ನೇ ಮಗಳ ಮುಖದಲ್ಲಿ ಕಂಡ ಮೇಲೆ ಅವಳು ನಿಧಾನಕ್ಕೆ ಬದಲಾಗುತ್ತಾಳೆ. ಅವಳಿಗೆ ನೆರವಾಗುವವರೆಲ್ಲ ಹೆಂಗಸರು. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯೂ ತನ್ನ ಪುಟ್ಟ ಮಗಳಿಗೆ ಸುನ್ನತಿ ಆಗದಂತೆ ತಪ್ಪಿಸು ಅಂತ ಬರುತ್ತಾಳೆ. ಮಾಡಿದ ಹಾಗೆ ನಾಟಕ ಆಡಿ ಆ ಮಗುವನ್ನು ಉಳಿಸುತ್ತಾರೆ. ಯಾರೂ ದೇವರನ್ನು ಬಯ್ಯುವುದಿಲ್ಲ. ಲಿಂಗೀ ಅಂದರೆ ಜನರನ್ನು ಒಬ್ಬರಿಗೊಬ್ಬರು ಕಟ್ಟುವ ನಂಟು. ಆ ಮಾತಿಗೆ ಅಲ್ಲಿ ಪೂಜ್ಯವಾದ ಅರ್ಥ ಇದೆ. ಕೊನೆಯ ಭಾಗದಲ್ಲಿ ಕಥೆ ಸ್ವಲ್ಪ ಅವಸರ ಮಾಡುತ್ತದೆ. ತಪ್ಪು ಮಾಡಿದವನು ಯಾರು ಅನ್ನುವುದು ಮೊದಲೇ ಊಹೆಗೆ ಸಿಗುತ್ತದೆ. ಅದು ಬಿಟ್ಟರೆ ನನಗೆ ಯಾವ ತಕರಾರೂ ಇಲ್ಲ.

ಸಿನಿಮಾ ಮುಗಿದ ಮೇಲೆ ಅಕ್ಕ ಟಿವಿ ಆರಿಸಲಿಲ್ಲ. "ಆ ಟಿಶ್ಯೂ ಹಿಡ್ಕೊಂಡು ಹೋದ ಹುಡುಗಿ ಇದ್ದಳಲ್ಲ, ಆಮೇಲೆ ಬಂದಿದ್ದಳಾ?" ಅಂತ ಕೇಳಿದಳು. ಬರಲಿಲ್ಲ ಅಂದೆ.

ನೀವು ನೋಡುವುದಾದರೆ ಬೆಲ್ಲಾದಿಂದ ಶುರು ಮಾಡಿ. ನಿಮಗೇ ಇಂಥ ಅನುಭವ ಆಗಿದ್ದರೆ ಅನ್‌ಪ್ಲ್ಯಾನ್ಡ್ ಮತ್ತು ರೊಮೇನಿಯಾದ ಸಿನಿಮಾ ಎರಡನ್ನೂ ಒಬ್ಬರೇ ಕೂತು ನೋಡಬೇಡಿ. ಮಕ್ಕಳು ಹದಿನಾರು ದಾಟಿದ್ದರೆ ನೆವರ್ ರೇರ್ಲಿ ಅವರ ಜೊತೆಗೇ ನೋಡಬಹುದು, ನೋಡಿ ಆದ ಮೇಲೆ ಪ್ರಶ್ನೆ ಕೇಳೋಕೆ ಹೋಗಬೇಡಿ, ಅವರೇ ಮಾತಾಡುತ್ತಾರೆ. ಅಕ್ಕನ ಗುಂಪಿನಲ್ಲಿ ಮುಂದಿನ ತಿಂಗಳು ಲಿಂಗೀ ಹಾಕುತ್ತಾರಂತೆ. ಕೆಲವರು ಬೇಡ ಅಂದರಂತೆ, ಅಕ್ಕ ಬಿಡಲಿಲ್ಲ. 87 ನಿಮಿಷ ಅಷ್ಟೇ. ಸಬ್‌ಟೈಟಲ್ ಓದಲು ಆಗದ ಇಬ್ಬರು ಅಜ್ಜಿಯರು ಇದ್ದಾರೆ. ಅವರ ಪಕ್ಕ ಕೂತು ಒಂದೊಂದೇ ಮಾತು ಹೇಳೋಕೆ ನಾನು ಹೋಗುತ್ತಿದ್ದೇನೆ.